ಅಳಸಿಂಗನ ಲಾಲಿ

ಎಲ್ಲರನ್ನೂ ಕಾಯುವ ಕೇಶವಸ್ವಾಮಿ ಅಳಸಿಂಗನನ್ನೂ ಕಾಯ್ದ. ಆ ಕತೆ ಹೇಳುತ್ತೇನೆ, ಕೇಳಿ. ನಾಚಾರಮ್ಮನಿಗೆ ಅವನೊಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಕಷ್ಟ.

ಅವನ ಅಪ್ಪ ಶುಕ್ರವಾರದ ಸಂಜೆ ದೇವಸ್ಥಾನದ ಉಯ್ಯಾಲೆ ಸೇವೆಯಲ್ಲಿ ಸ್ವಾಮಿಗೆ ಲಾಲಿ ಹಾಡುತ್ತಿದ್ದರು. ಅವರು ಸ್ವಾಮಿಯ ಪಾದ ಸೇರಿದ ಮೇಲೆ ಹಾಡುವವರಿಲ್ಲ. ಮಗ ಕಲಿತರೆ ಸರಿ, ಇಲ್ಲದಿದ್ದರೆ ಟೇಪು ಹಾಕಿಸುತ್ತೇನೆ ಎಂದರು ಧರ್ಮದರ್ಶಿಗಳು. ಯಂತ್ರ ಲಾಲಿ ಹಾಡಿದರೆ ಸ್ವಾಮಿಗೆ ನಿದ್ದೆ ಹತ್ತೀತೇ ಎಂದು ನಾಚಾರಮ್ಮ ಅತ್ತಳು. ಮಗನನ್ನು ಕರೆದುಕೊಂಡು ಹೋಗಿ ಸಂಗೀತದ ವರದಾಚಾರ್ಯರ ಮುಂದೆ ಕೂರಿಸಿದಳು.

ಆಚಾರ್ಯರು ತಂಬೂರಿ ಮೀಟಿ ಹೇಳಿದರು: "ಇದು ಸ. ಇದೇ ಆಧಾರ. ಹಿಡಿ, ಬಿಡಬೇಡ."

ಅಳಸಿಂಗ ಹಿಡಿದ, ಬಿಡಲಿಲ್ಲ. ದಾರಿಯುದ್ದಕ್ಕೂ ಸಾ. ಕಾಲು ತೊಳೆಯುವಾಗ ಸಾ. ಅಮ್ಮ ಅನ್ನ ಬಡಿಸಿ ಹುಳಿ ಬೇಕೇನೋ ಎಂದರೆ ಸಾ. ಪಕ್ಕದ ಮನೆಯವರು ಹಲ್ಲುನೋವಿರಬೇಕೆಂದು ಲವಂಗ ತಂದುಕೊಟ್ಟರು.

ಆಚಾರ್ಯರು ಬೈದರು. ಒಂದೇ ಸ್ವರದಲ್ಲಿ ನಿಂತರೆ ಹಾಡಾಗುವುದಿಲ್ಲ, ಸರಿಗಮಪದನಿಸ ಎಂದು ಹತ್ತಬೇಕು, ಹತ್ತಿದ ದಾರಿಯಲ್ಲೇ ಇಳಿಯಬೇಕು, ಹತ್ತಿದವನು ಇಳಿಯಲೇಬೇಕು ಎಂದರು.

ಮಾರನೆಯ ದಿನ ಅಮ್ಮ ಅಭಿಷೇಕದ ನೀರಿಗೆ ಕೊಳಕ್ಕೆ ಕಳಿಸಿದಳು. ಅಳಸಿಂಗ ಬಿಂದಿಗೆ ತುಂಬಿ ಮೆಟ್ಟಿಲು ಹತ್ತಿದ. ಹತ್ತಿದವನು ಇಳಿಯಲೇಬೇಕಲ್ಲ, ಇಳಿದ. ಮತ್ತೆ ಹತ್ತಿದ, ಮತ್ತೆ ಇಳಿದ. ದೇವಸ್ಥಾನದಲ್ಲಿ ಸ್ವಾಮಿ ಮೈಗೆ ಎಣ್ಣೆ ಹಚ್ಚಿಸಿಕೊಂಡು ಮಧ್ಯಾಹ್ನದವರೆಗೆ ಕಾದ.

ಆಚಾರ್ಯರು ಮತ್ತೆ ಬೈದರು. ಎಷ್ಟು ಹತ್ತಬೇಕು, ಎಲ್ಲಿ ನಿಲ್ಲಬೇಕು ಎನ್ನುವುದಕ್ಕೆ ತಾಳದ ಲೆಕ್ಕವಿದೆ ಎಂದು ತೊಡೆ ತಟ್ಟಿ ತೋರಿಸಿದರು. ಒಂದು ಪೆಟ್ಟು, ಮೂರು ಬೆರಳು. ಪೆಟ್ಟು, ಅಂಗೈ ಮಗುಚು. ಪೆಟ್ಟು, ಅಂಗೈ ಮಗುಚು. ಇದು ಆದಿತಾಳ, ಏನು ಮಾಡುತ್ತಿದ್ದರೂ ಕೈ ತಾಳ ತಪ್ಪಬಾರದು ಎಂದರು.

ಆ ವಾರ ದೇವಸ್ಥಾನದಲ್ಲಿ ಭಾಗವತರಿಗೆ ಊಟ. ಅಳಸಿಂಗನ ಪಾಲಿಗೆ ತುಪ್ಪದ ಗಿಂಡಿ ಬಂತು. ಧರ್ಮದರ್ಶಿಗಳ ಎಲೆಯ ಮುಂದೆ ಬಗ್ಗಿ, ಗಿಂಡಿ ಹಿಡಿದ ಕೈಯಲ್ಲೇ ತೊಡೆಗೆ ಒಂದು ಪೆಟ್ಟು ಹಾಕಿದ, ಮೂರು ಬೆರಳು ಎಣಿಸಿದ. ಮತ್ತೊಂದು ಪೆಟ್ಟು ಹಾಕಿ, ತಾಳ ತಪ್ಪದೆ, ಅಂಗೈ ಮಗುಚಿದ. ಗಿಂಡಿಯೂ ಮಗುಚಿತು. ತುಪ್ಪವೆಲ್ಲ ಧರ್ಮದರ್ಶಿಗಳ ಜರಿಪಂಚೆಯ ಮಡಿಲಿಗೆ.

ಅವರು ಎಲೆ ಬಿಟ್ಟು ಎದ್ದರು. ಈ ಶುಕ್ರವಾರ ಒಂದು ಸಲ ನೋಡುತ್ತೇನೆ, ಹಾಡದಿದ್ದರೆ ಟೇಪೇ ಗತಿ ಎಂದುಬಿಟ್ಟರು.

ವರದಾಚಾರ್ಯರು ಹಣೆ ಚಚ್ಚಿಕೊಂಡರು. "ಲೋ ಪೆದ್ದೇ, ಕೈಯಲ್ಲಿ ಏನಾದರೂ ಇದ್ದಾಗ ಸಂಗೀತವೆಲ್ಲ ಮನಸ್ಸಿನೊಳಗೇ ಇರಬೇಕು. ಹೊರಗೆ ಬರಕೂಡದು."

"ಆಗಲಿ ಗುರುಗಳೇ," ಎಂದ ಅಳಸಿಂಗ.

ಆಚಾರ್ಯರು ಲಾಲಿಯ ಸ್ವರ ಬರೆದುಕೊಟ್ಟರು. ಅಕ್ಷರದ ಮುಂದೆ ಗೀಟಿದ್ದರೆ ಒಂದು ಎಣಿಕೆ ಎಳೆ, ಎರಡಿದ್ದರೆ ಎರಡು ಎಂದರು. ಅಳಸಿಂಗ ಗೀಟಿಗೆ ಗೀಟು ಕಲಿತ. ಗುರುವಾರ ಜಗುಲಿಯಲ್ಲಿ ಕೂತು ಹಾಡಿದಾಗ ಒಳಗಿದ್ದ ನಾಚಾರಮ್ಮ ಯಜಮಾನರೇ ಬಂದರೆಂದು ಹೊರಗೆ ಓಡಿ ಬಂದಳು.

ಶುಕ್ರವಾರ ಸಂಜೆ ಸ್ವಾಮಿ ಉಯ್ಯಾಲೆ ಏರಿದ. ಊರೆಲ್ಲ ಸೇರಿತ್ತು. ನಿಮ್ಮಪ್ಪ ತಾವೇ ತೂಗುತ್ತ ಹಾಡುತ್ತಿದ್ದರು ಎಂದು ಅರ್ಚಕರು ಪ್ರೀತಿಯಿಂದ ಉಯ್ಯಾಲೆಯ ಹಗ್ಗವನ್ನು ಅಳಸಿಂಗನ ಕೈಗೆ ಕೊಟ್ಟರು.

ಅಳಸಿಂಗ ಹಗ್ಗ ನೋಡಿದ. ಕೈ ನೋಡಿದ. ಕಣ್ಣು ಮುಚ್ಚಿ ತೂಗತೊಡಗಿದ.

ಉಯ್ಯಾಲೆ ತಾಳ ತಪ್ಪದೆ ಆಡಿತು. ಹಾಡು ಮಾತ್ರ ಇಲ್ಲ. ಜನ ಕಾದರು. ನಾಚಾರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಗಲೇ ಧರ್ಮದರ್ಶಿಗಳು ಟೇಪಿನವನನ್ನು ಕರೆಯಲು ಎದ್ದರು. ಅರ್ಚಕರು ಗಾಬರಿಯಾಗಿ ಮಂಗಳಾರತಿ ತಟ್ಟೆ ಎತ್ತಿಕೊಂಡರೆ, ತಟ್ಟೆಯ ಸದ್ದಿಗೆ ಅಳಸಿಂಗ ಕಣ್ಣು ಬಿಡದೆ, "ಇನ್ನೊಂದು ಚರಣ ಇದೆ ಅರ್ಚಕರೇ," ಎಂದ.

ಅರ್ಚಕರು ತಟ್ಟೆ ಹಿಡಿದೇ ನಿಂತರು. ಚರಣ ಮುಗಿಯಿತೇನೋ, ಉಯ್ಯಾಲೆ ಮೆಲ್ಲಗೆ ನಿಂತಿತು.

ನಾಚಾರಮ್ಮ ತಡೆಯಲಾರದೆ ಮುಂದೆ ಬಂದಳು. "ಹಗ್ಗ ಕೆಳಗಿಡೋ ನನ್ನಪ್ಪ. ಈಗಲಾದರೂ ಬಾಯಿಬಿಟ್ಟು ಹಾಡು."

ಅಳಸಿಂಗ ಹಗ್ಗ ಬಿಟ್ಟ. ಅಮ್ಮನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಮೆಲ್ಲಗೆ ಮಾತಾಡಮ್ಮ. ಪೂರ್ತಿ ಹಾಡಿದ್ದೀನಿ. ಸ್ವಾಮಿ ಈಗ ತಾನೇ ಮಲಗಿದಾನೆ."

ಎಲ್ಲರೂ ಉಯ್ಯಾಲೆಯ ಕಡೆ ನೋಡಿದರು. ಧರ್ಮದರ್ಶಿಗಳು ನಿಂತಲ್ಲೇ ಸದ್ದಾಗದಂತೆ ಕೈ ಮುಗಿದರು. ಮುಂದಿನ ಶುಕ್ರವಾರವೂ ಇವನೇ ಬರಲಿ, ಹಗ್ಗ ಮಾತ್ರ ಬೇರೆಯವರು ಹಿಡಿಯಲಿ ಎಂದು ಅವರು ಹೇಳಿದ್ದೂ ಪಿಸುಮಾತಿನಲ್ಲೇ.

ಅವತ್ತು ಕೇಶವಸ್ವಾಮಿಗೆ ಘಂಟೆ ಬಾರಿಸದೆ ಮಂಗಳಾರತಿ ಆಯಿತು.