ಉಳಿದವರ ಹಾಡು

ಶಿಷ್ಯ ಕೇಳಿದ: "ಗುರುಗಳೇ, ಶಾಲೆಯ ಗೋಡೆಯ ಮೇಲೆ ಮನುಷ್ಯನ ವಿಕಾಸದ ಚಿತ್ರವಿದೆ. ಮೊದಲು ಬಾಗಿದ ವಾನರ, ಅದರ ಮುಂದೆ ಅರ್ಧ ನೆಟ್ಟಗಾದವನು, ಕೊನೆಗೆ ಎದೆ ಸೆಟೆಸಿ ನಡೆಯುವ ನಾವು. ಬೇರೆ ಬಗೆಯ ಮನುಷ್ಯರೂ ಬದುಕಿದ್ದರಂತೆ, ಅಳಿದುಹೋದರಂತೆ. ಅವರು ಚಿತ್ರದಲ್ಲಿ ಏಕಿಲ್ಲ?"

ಗುರುಗಳು ಹೇಳಿದರು: "ಚಿತ್ರ ಬರೆದವನನ್ನು ಕೇಳಬೇಕಿತ್ತು. ನನ್ನನ್ನು ಕೇಳಿದೆಯಲ್ಲ, ಕತೆ ಕೇಳು.

"ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಸುಗ್ಗಿ ಮುಗಿದ ಮೇಲೆ ಅವನ ಮನೆಗೆ ವಂಶಾವಳಿ ಹಾಡುವವನು ಬರುತ್ತಿದ್ದ. ಮೂಲಪುರುಷ ಬೊಮ್ಮಲಿಂಗನಿಂದ ಹಿಡಿದು, ಅವನ ಮಗ ಇವನು, ಇವನ ಮಗ ಇನ್ನೊಬ್ಬನು ಎಂದು ಹಾಡುತ್ತ ಬಂದು ವರ್ತಕನ ಹೆಸರಿಗೆ ನಿಲ್ಲಿಸುತ್ತಿದ್ದ. ವರ್ತಕ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಅಷ್ಟು ಜನ ಹುಟ್ಟಿ ಸತ್ತದ್ದು ತಾನೊಬ್ಬ ಹುಟ್ಟಲಿ ಎಂದೇ, ಹಾಗೆಂದು ಅವನು ನಂಬಿದ್ದ. ನಂಬದೆ ಏನು ಮಾಡುತ್ತಾನೆ? ಹಾಡಿನಲ್ಲಿ ಬೇರೆ ದಾರಿಯೇ ಇರಲಿಲ್ಲ.

"ಹಾಡುವವನಿಗೆ ಬೇರೆ ಹೆಸರುಗಳೂ ಗೊತ್ತಿದ್ದವು. ಆದರೆ ಯಾವ ಮನೆಯವರು ಕಾಳು ಹಾಕುತ್ತಾರೋ ಆ ಮನೆಗೆ ಬಂದು ಮುಟ್ಟುವ ಹೆಸರುಗಳನ್ನಷ್ಟೇ ಹಾಡುವುದು ಅವನ ಕಸುಬಿನ ರೂಢಿ. ಅಣ್ಣತಮ್ಮಂದಿರನ್ನೆಲ್ಲ ಸೇರಿಸಿದರೆ ಕೇಳುವವರು ಆಕಳಿಸುತ್ತಾರೆ.

"ಒಂದು ಮಳೆಗಾಲ ಹೊಳೆ ಉಕ್ಕಿ ತಗ್ಗಿನ ಕೇರಿ ಮುಳುಗಿತು. ಮೂಟೆ ಹೊರುವವನೊಬ್ಬ ಬಾಣಂತಿ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ದಿಬ್ಬದ ಮೇಲಿನ ವರ್ತಕನ ಮನೆಗೆ ಬಂದ.

"'ಅಣ್ಣಾ, ನಿಮ್ಮ ಮುತ್ತಜ್ಜ, ನಮ್ಮ ಮುತ್ತಜ್ಜ ಒಡಹುಟ್ಟಿದವರು. ನಮ್ಮವರೇ ಹಿರಿಯರು. ನನಗೇನೂ ಬೇಡ. ನೀರು ಇಳಿಯೋವರೆಗೆ ಇವಳಿಗೂ ಕೂಸಿಗೂ ಒಂದು ಮೂಲೆ ಕೊಡಿ.'

"ವರ್ತಕ ಬಾಗಿಲಿಗೆ ಅಡ್ಡ ನಿಂತೇ ಹೇಳಿದ: 'ಬುದ್ಧಿ ಬಂದಾಗಿನಿಂದ ಹಾಡು ಕೇಳ್ತಿದ್ದೀನಪ್ಪ. ನಿಮ್ಮ ಮುತ್ತಜ್ಜನ ಹೆಸರು ಒಂದು ಸಲವೂ ಬಂದಿಲ್ಲ. ಇಲ್ಲದವರಿಗೆ ಜಾಗ ಎಲ್ಲಿಂದ ತರಲಿ?'

"ಆ ಹೆಂಗಸು ಮಳೆಯಲ್ಲಿ ನಡೆಯುತ್ತ ನಡೆಯುತ್ತ ದಾರಿಯಲ್ಲೇ ಸತ್ತಳು. ಗಂಡ ಕೂಸನ್ನು ಎತ್ತಿಕೊಂಡು ಬೇರೆ ಊರಿಗೆ ಹೋದ.

"ನೀರು ಇಳಿದ ಮೇಲೆ ಊರಿಗೆ ಜ್ವರ ಬಂತು. ಜ್ವರ ಯಾರ ಮನೆಯ ಹಾಡನ್ನೂ ಕೇಳುವುದಿಲ್ಲ. ವರ್ತಕನ ಒಬ್ಬನೇ ಮಗ ಹೋದ. ಆಮೇಲೆ ಹೆಂಡತಿ ಹೋದಳು, ವ್ಯಾಪಾರವೂ ಹೋಯಿತು. ಮುದಿತನದಲ್ಲಿ ಅವನು ಊರೂರು ಅಲೆಯುತ್ತ, ಒಂದು ಸುಗ್ಗಿಯಲ್ಲಿ, ಗುರುತಿಲ್ಲದ ಮನೆಯ ಜಗಲಿಯ ಮೇಲೆ ಕುಳಿತ. ಅಂಗಳದಲ್ಲಿ ಅದೇ ಹಾಡುವವನು ಹಾಡುತ್ತಿದ್ದ. ಬೊಮ್ಮಲಿಂಗನಿಂದ ಹಿಡಿದು ಎಲ್ಲಿಯೂ ತಡವರಿಸದೆ ಬಂದ ಹಾಡು ಆ ಮನೆಯ ಯಜಮಾನನ ಹೆಸರಿಗೆ ನಿಂತಿತು. ಅವನೇ ಅಂದಿನ ಕೂಸು.

"ವರ್ತಕ ಕೈಮುಗಿದ: 'ನನ್ನ ಹೆಸರನ್ನೂ ಒಂದು ಸಲ ಹೇಳಪ್ಪ.'

"ಹಾಡುವವನಿಗೆ ಗುರುತು ಸಿಕ್ಕಿತು. 'ಹೇಳಬಹುದು ಯಜಮಾನರೇ. ಯಾರಿಗೆ ಹೇಳಲಿ? ನಿಮ್ಮ ನಂತರ ಕೇಳುವವರು ಯಾರಿದ್ದಾರೆ?'

"ಆ ಮನೆಯ ಯಜಮಾನ ಇತ್ತ ನೋಡಲಿಲ್ಲ. ಅವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆ ವರ್ತಕನ ಹೆಸರೇನು, ಗುರುಗಳೇ?"

"ನಿನ್ನ ಚಿತ್ರದಲ್ಲಿ ಇಲ್ಲದವರ ಹೆಸರೇನೋ, ಅವನದೂ ಅದೇ."