ಗೌಡರು ಕೇಳಿದ ಒಡಪು

ಅಕ್ಕನ ಬಳಗದ ಹೆಂಗಸರು ಹೊಲಿಗೆ ಕೋಣೆಯಲ್ಲಿ ಊರ ಹೆಣ್ಣುಮಕ್ಕಳಿಗೆ ಹೊಲಿಗೆಯ ಜೊತೆಗೆ, ಯಾರಿಗೆಂದು ಹೇಳದೆ ಗುಟ್ಟಾಗಿ ಮತ ಹಾಕುವುದನ್ನೂ ಕಲಿಸುತ್ತಿದ್ದರು. ಕೋಣೆ ಅಂದಾನಗೌಡರದು. ಪಂಚಾಯಿತಿ ಚುನಾವಣೆಗೆ ನಿಂತವರೂ ಅವರೇ. ಒಂದು ದಿನ ಕೀಲಿ ಹಿಡಿದು ಬಾಗಿಲಲ್ಲಿ ಬಂದು ನಿಂತರು.

"ಯಾರಿಗೆ ಹಾಕ್ತೀರಿ, ಬಾಯಿಬಿಟ್ಟು ಹೆಸರು ಹೇಳ್ರಿ. ಇಲ್ಲಾಂದ್ರ ಕೋಣಿಗೆ ಕೀಲಿ!"

ಕಲಿಸುತ್ತಿದ್ದ ಫಕ್ಕೀರವ್ವನ ಮುಖವನ್ನು ಎಲ್ಲರೂ ನೋಡಿದರು. ಕೀಲಿ ಬಿದ್ದರೆ ಹೊಲಿಗೆ ಹೋಯಿತು. ಹೆಸರು ಹೇಳಿದರೆ ಇಷ್ಟು ದಿನ ಕಲಿಸಿದ್ದೆಲ್ಲ ನೀರುಪಾಲು. ಅವಳು ತಲೆಮೇಲೆ ಸೆರಗೆಳೆದುಕೊಂಡು ನಾಚಿದಳು.

"ಗೌಡ್ರ, ಮತಾನೂ ಗಂಡನ ಹೆಸರಿದ್ದಂಗ. ಮನಸಿನ್ಯಾಗ ಇರ್ತೈತಿ, ಬಾಯಾಗ ಬರಂಗಿಲ್ಲ."

"ಮದುವ್ಯಾಗ ಒಡಪು ಹಾಕಿ ಗಂಡನ ಹೆಸರು ಹೇಳಂಗಿಲ್ಲೇನು? ಹಂಗ ಹೇಳು!"

ಫಕ್ಕೀರವ್ವ ರಾಗ ಎಳೆದಳು: "ಅಂಗಳದಾಗ ತುಳಸಿಕಟ್ಟಿ, ಕನ್ನಡ ಸಾಲ್ಯಾಗ ಮತದ ಪೆಟ್ಟಿ, ನಾ ಒಪ್ಪಿದವ್ರ ಹೆಸರು ಎಣಿಕಿ ದಿನ ಹೇಳ್ತೈತಿ ಆ ಪೆಟ್ಟಿ!"

ಹೆಂಗಸರು ಗೊಳ್ಳೆಂದು ನಕ್ಕರು. ಗೌಡರಿಗೆ ರೇಗಿತು. ಹೊಲಿಗೆ ಕಲಿಯಲು ಬಂದು ಮೂಲೆಯಲ್ಲಿ ಕೂತಿದ್ದ ತಮ್ಮ ಹೆಂಡತಿಯತ್ತ ತಿರುಗಿದರು.

"ನೀನರ ಹೇಳು, ಯಾರಿಗೆ ಹಾಕ್ತಿ?"

ಆಕೆ ಬಾಯಿಗೆ ಸೆರಗು ಹಿಡಿದಳು. "ಎಣಿಕಿ ದಿನ ಪೆಟ್ಟಿ ಹೇಳ್ತೈತ್ರಿ."

ಕೋಣೆಗೆ ಕೀಲಿ ಹಾಕುವುದು ಗೌಡರಿಗೆ ಮರೆತೇಹೋಯಿತು. ಈಗ ಅವರಿಗೆ ಮನೆಯೊಳಗಿನ ಆ ಒಂದು ಮತದ್ದೇ ಚಿಂತೆ.