ಗಂಟು ಬಿಚ್ಚಿದ ದೊರೆ

ಕಾಲು ಹೊದಿಕೆ ಒಳಗೆ ಎಳ್ಕೊಳೇ ಸಂಪಿ, ಹೂಂ ಅಂತಿದ್ರೆ ಮಾತ್ರ ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜೀನೂ ಹುಟ್ಟಿರ್ಲಿಲ್ಲ, ಚಂದ್ರನಿಂದಾಚೆ, ನಕ್ಷತ್ರದಿಂದ್ಲೂ ಆಚೆ ಒಂದು ಲೋಕ ಇತ್ತಂತೆ. ಅಲ್ಲಿಯೋರಿಗೆ ನಮ್ ಹಾಗೇ ಕೈಕಾಲು, ಆದ್ರೆ ಮಾರುದ್ದ ಬಾಲ. ನಗಬೇಡ, ಆ ಬಾಲಾನೇ ಅವರ ಜೀವ. ಅಲ್ಲಿ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಸೆಳೆಗಾಳಿ ಅಂತ ಬೀಸೋದಂತೆ, ಸಿಕ್ಕಿದೋರನ್ನ ತರಗೆಲೆ ಥರ ಎತ್ಕೊಂಡು ಹೋಗೋದಂತೆ, ಹೋದೋರು ತಿರುಗಿ ಬಂದಿದ್ದೇ ಇಲ್ಲ. ಅದಕ್ಕೇ ಗಾಳಿ ಸದ್ದು ಕೇಳಿದ ತಕ್ಷಣ ಊರಿಗೆ ಊರೇ ಸುತ್ತ ಕೂತು ಬಾಲಕ್ಕೆ ಬಾಲ ಗಂಟು ಹಾಕ್ಕೊಳೋರಂತೆ. ಒಬ್ಬ ಹಾರಿದ್ರೆ ಮಿಕ್ಕೋರು ಕೆಳಗೆ ಎಳ್ಕೊಳೋರು.

ಅಲ್ಲಿ ಜುಂಗ ಅಂತ ಒಬ್ಬ ಇದ್ದ, ಅವನಿಗೊಬ್ಬ ತಮ್ಮ. ಒಂದಿನ ಇಬ್ರೇ ಬಯಲಲ್ಲಿದ್ದಾಗ ಗಾಳಿ ಬಂತು. ಗಂಟು ಹಾಕ್ಕೊಂಡ್ರು. ಗಾಳಿ ತಮ್ಮನನ್ನ ಎತ್ತಿತು, ಜುಂಗನ ಕಾಲೂ ನೆಲ ಬಿಡ್ತು. ಹೆದರಿಕೆ ಕಣೇ, ಜೀವದ ಹೆದರಿಕೆ! ಜುಂಗ ಗಂಟು ಬಿಚ್ಚೇಬಿಟ್ಟನಂತೆ. ತಮ್ಮ ಅಣ್ಣಾ ಅಣ್ಣಾ ಅಂತ ಕೂಗ್ತಾ ಕಣ್ಮರೆಯಾಗಿ ಹೋದ. ಆಮೇಲೆ ಇವನು ಮನೆಗೆ ಬಂದು ಏನಂದ ಗೊತ್ತಾ? ಗಂಟು ತಾನಾಗೇ ಬಿಚ್ಕೊಂತು, ಯಾರೂ ಗಂಟನ್ನ ನಂಬಬೇಡಿ, ಅಂದನಂತೆ.

ಒಂದು ಸುಳ್ಳಿಗೆ ನೂರು ಸುಳ್ಳು ಅಂತಾರಲ್ಲ, ಹಂಗೇ ಊರಿಗೆಲ್ಲ ಭಯ ಹತ್ತಿಸಿ ಹತ್ತಿಸಿ ದೊರೇನೇ ಆಗ್ಬಿಟ್ಟನಂತೆ. ಆಮೇಲೆ ಡಂಗುರ ಹೊಡೆಸಿದ, ಪಕ್ಕದ ಮನೆಯೋರ ಜೊತೆ ಗಂಟು ಹಾಕ್ಕೋಬೇಡಿ. ಸರಿ ಅಂದ್ರು. ಎರಡನೇ ಸಲ, ಮನೆಯೋರ ಜೊತೇನೂ ಬೇಡ, ಒಬ್ಬೊಬ್ರು ಒಂದೊಂದು ಕಂಬ ನೆಟ್ಟು ಹಗ್ಗ ಕಟ್ಕೊಳಿ. ಅದಕ್ಕೂ ಸರಿ ಅಂದ್ರು, ದಡ್ಡರು! ಮೂರನೇ ಸಲ, ಬಾಲಾನೇ ಕತ್ತರಿಸಿ ಅಂದ. ಮೊದಲು ತನ್ನದು ಕತ್ತರಿಸ್ಕೊಂಡ, ಆಮೇಲೆ ಎಲ್ಲಾರದ್ದೂ. ತಾಯಂದಿರು ಅಳೋಕೂ ಹೆದರೋರಂತೆ. ಥೂ, ಅದೂ ಒಂದು ಬಾಳಾ?

ಕೊನೆಗೆ ಉಳಿದಿದ್ದು ಒಂದೇ ಬಾಲ, ಅವನ ಪುಟ್ಟ ಮಗಳು ಮಿಣಿಯದು. ಊರೋರೆಲ್ಲ ಅವರವರ ಕಂಬಕ್ಕೆ ಕಟ್ಕೊಂಡು ನೋಡ್ತಿದ್ರು. ಅಪ್ಪ ಕತ್ತಿ ಎತ್ತಿದ, ಮಗು ನೋಯತ್ತಾ ಅಪ್ಪಾ ಅಂತು. ಅಷ್ಟರಲ್ಲಿ ಬುರ್ರೋ ಅಂತ ಸೆಳೆಗಾಳಿ! ಮಗೂನ ಎತ್ತೇಬಿಡ್ತು. ಕತ್ತಿ ಬಿಸಾಕಿ ಬಾಲ ಹಿಡ್ಕೊಂಡ. ಅವನ ಕಾಲೂ ನೆಲ ಬಿಡ್ತು, ಅವತ್ತಿನ ಹಂಗೇ. ಕೈ ಬಿಟ್ರೆ ತಾನು ಉಳೀತಾನೆ. ಬಿಡಲಿಲ್ಲ ಕಣೇ. ನಾನೇ ಬಿಚ್ಚಿದ್ದು, ತಮ್ಮನ ಗಂಟು ನಾನೇ ಬಿಚ್ಚಿದ್ದು, ನನ್ ಮಗೂನ ಉಳಿಸ್ರಪ್ಪಾ ಅಂತ ಮೇಲಿಂದ್ಲೇ ಕಿರುಚಿದನಂತೆ.

ಯಾರೂ ಅಲ್ಲಾಡಲಿಲ್ಲ. ಆಮೇಲೆ ಅವನ ಮುದಿತಾಯಿ ಹಗ್ಗ ಬಿಚ್ಚಿ ಓಡಿಬಂದು ಅವನ ಕಾಲು ಹಿಡ್ಕೊಂಡ್ಲು. ಅವಳೂ ಎದ್ದಳು. ಅವಳ ಕಾಲನ್ನ ಇನ್ನೊಬ್ಬ ಹಿಡ್ದ, ಅವನ ಸೊಂಟ ಮತ್ತೊಬ್ಬಳು, ಹಂಗೇ ಊರೆಲ್ಲ ಸೇರಿ ಕೆಳಗೆ ಎಳ್ಕೊಂಡ್ರಂತೆ.

ಜುಂಗ ತಾಯಿ ಕಾಲಿಗೆ ಬಿದ್ದ. ಅವಳಂದ್ಲು, ನೀನೇ ಬಿಚ್ಚಿದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು ಕಣಪ್ಪ, ಬಾಯ್ಬಿಟ್ರೆ ಊರೋರು ನಿನ್ನೂ ಉಳಿಸಲ್ಲ ಅಂತ ಹೆದರಿ ಸುಮ್ನಿದ್ದೆ. ಇಬ್ರೂ ತಬ್ಕೊಂಡು ಅತ್ತರಂತೆ.

ಆಮೇಲೆ ಅವನು ದೊರೆತನ ಬಿಟ್ಟ. ಕಂಬಗಳೆಲ್ಲ ಒಲೆಗೆ ಹೋದ್ವು. ಗಾಳಿ ಬಂದಾಗ ಎಲ್ಲ ಮತ್ತೆ ಸುತ್ತ ಕೂರೋರು, ಬಾಲ ಇಲ್ವಲ್ಲ, ಕೈಗೆ ಕೈ ಹಿಡ್ಕೊಳೋರು. ಜುಂಗನ ಕೈ ಹಿಡಿಯೋಕೆ ಮಾತ್ರ ಊರೋರು ಬಹಳ ದಿನ ಹೆದರಿದ್ರಂತೆ. ಮಿಣಿ ಬಂದು ತನ್ನ ಬಾಲಾನ ಅವನ ಸೊಂಟಕ್ಕೆ ಸುತ್ತಿ ಗಂಟು ಹಾಕಿ, ಬಿಚ್ಚಬೇಡ ಅಪ್ಪಾ ಅಂತಿದ್ಲಂತೆ.

ಅವರಲ್ಲಿ ತಣ್ಣಗಿದ್ರು, ನಾವಿಲ್ಲಿ ಬೆಚ್ಚಗಿದೀವಿ, ಕತೆ ಅಲ್ಲಿಗೆ ಮುಗೀತು. ನನ್ ಸೆರಗು ಹಿಡ್ಕೊಂಡೇ ಮಲಗು, ಪರವಾಗಿಲ್ಲ.